ಮೀನಿನ ಅಳಗೆ

ತಂಗಿ ಕಮಲ ಮುಂಬಯಿಯಲ್ಲಿ ಫ್ಲಾಟ್ ಕೊಳ್ಳುತ್ತಾಳೆಂಬ ಸುದ್ದಿಯನ್ನು ಕಡಲ ಬದಿಯ ಊರು ಕೋಡಿಯಲ್ಲೆಲ್ಲ ಹಂಚಿದವಳು ಅಕ್ಕ ಜಲಜಳೇ. ಹೇಗೂ ಹಬ್ಬುವ ಸುದ್ದಿ. ತಾನೇ ಹೇಳಿದರೆ ಎಲ್ಲಿ ಎಷ್ಟು ಕತ್ತರಿಸಬೇಕೆಂಬುದಾದರೂ ತನ್ನ ಕೈಯಲ್ಲಿರುತ್ತದೆ. ಹಾಗಾಗಿ ಮೀನಿನ ಬುಟ್ಟಿ ಇಳಿಸಿದಲ್ಲೆಲ್ಲ ಬಂಗುಡೆಯ ಜೊತೆ ಅದನ್ನೂ ಮಾರಿದಳು.

"ಮನಿ ಅಂತ್ರ್. ಎಂತ ಮನಿ? ಅಂಗ್ಳ ಇಲ್ಲೆ, ಬಾಮಿ ಇಲ್ಲೆ. ಮೇಲೊಬ್ರ್, ಕೆಳಗೊಬ್ರ್, ಮಧ್ಯ ಇವ್ಳ್. ಕೋಳಿಗೂಡಾರೂ ನೆಲದ್ ಮೇಲೆ ಇರತ್ತ್."

ಕೇಳಿದವರು ಹೌದೆಂದರು. ಪಕ್ಕದ ಮನೆಯ ನಾಗು ಮಾತ್ರ ಬಂಗುಡೆಯ ಕಿವಿರು ಎತ್ತಿ ನೋಡುತ್ತ, "ಒಳ್ಗೇ ಎರ್ಡ್ ಕಕ್ಕಸ್ ಇತ್ತಂಬ್ರಲೆ?" ಎಂದಳು.

ಜಲಜ ಕತ್ತರಿಸಿ ಎಸೆದಿದ್ದ ಭಾಗ ಅದು. ಯಾವ ಕಾಗೆ ಎತ್ತಿಕೊಂಡು ಹೋಗಿ ನಾಗುವಿನ ಅಂಗಳದಲ್ಲಿ ಹಾಕಿತೋ.

ಆ ಕಕ್ಕಸಿಗೊಂದು ಇತಿಹಾಸವಿತ್ತು. ತಂಗಿಯ ಗಂಡ ಶೇಖರ ಮೊದಲು ನೋಡಲು ಬಂದದ್ದು ಜಲಜಳನ್ನು. ಮುಂಬಯಿಯ ಯಾವುದೋ ಕಂಪನಿಯ ಕ್ಯಾಂಟೀನಿನಲ್ಲಿ ಕೆಲಸ, ಚಾಳಿನಲ್ಲಿ ಒಂದು ರೂಮು. ಹುಡುಗಿ ಒಳಗಿನಿಂದಲೇ, ಸಂಬಂಧ ತಂದ ಚೆನ್ನಯ್ಯನ ಬಳಿ ಒಂದೇ ಪ್ರಶ್ನೆ ಕೇಳಿಸಿದ್ದಳು: ಕಕ್ಕಸು ಎಲ್ಲಿ? ಇಡೀ ಸಾಲಿಗೆ ಒಂದು, ಬೆಳಿಗ್ಗೆ ಡಬ್ಬಿ ಹಿಡಿದು ಕ್ಯೂ ನಿಲ್ಲಬೇಕೆಂದು ಚೆನ್ನಯ್ಯ ಪ್ರಾಮಾಣಿಕವಾಗಿ ಹೇಳಿದ. "ಕ್ಯೂ ನಿಲ್ಲೂಕೆ ನಾನೆಂತ ರೇಷನಿಗ್ ಹೋತ್ನಾ?" ಎಂದು ಜಲಜ ಹೇಳಿದ್ದಕ್ಕೆ ಮನೆಯೆಲ್ಲ ನಕ್ಕಿತ್ತು. ಆ ಮಾತು ಮದುವೆಮನೆಗಳಲ್ಲಿ ಬಹಳ ಕಾಲ ಓಡಿತು. ಕ್ಯೂ ನಿಲ್ಲಲು ಬೇಸರವಿಲ್ಲದ ಕಮಲ ಶೇಖರನನ್ನು ಮದುವೆಯಾಗಿ ಹೋದಳು. ಜಲಜಳಿಗೆ ಬೋಟಿನ ಭೋಜರಾಜ ಸಿಕ್ಕಿದ, ಹೆತ್ತ ಅಬ್ಬಿಯ ಮನೆ ಸಿಕ್ಕಿತು, ಅಪ್ಪಯ್ಯ ಮುತ್ತನನ್ನು ನೋಡಿಕೊಳ್ಳುವ ಕೆಲಸವೂ ಸಿಕ್ಕಿತು. ಭೋಜರಾಜ ಒಳ್ಳೆಯವನೇ. ಆದರೆ ಹೊಟ್ಟೆಕಿಚ್ಚು ಗಂಡನ ಗುಣ ವಿಚಾರಿಸಿ ಬರುವುದಿಲ್ಲವಲ್ಲ.

ಈಗ ಆ ತಮಾಷೆಯನ್ನು ಯಾರೂ ನೆನಪಿಸುತ್ತಿರಲಿಲ್ಲ. ಚುಚ್ಚುತ್ತಿದ್ದದ್ದು ಅದೇ.

ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ, ಎರಡು ಸಾವಿರದ ಮೂರರಲ್ಲಿ, ಕಮಲ ಗಂಡನೊಡನೆ ಕೊಂಕಣ ರೈಲಿನಲ್ಲಿ ಬಂದಿಳಿದಳು. ರಿಕ್ಷಾದಿಂದ ಇಳಿದು ಅಂಗಳಕ್ಕೆ ಕಾಲಿಟ್ಟವಳೇ ಮೂಗಿಗೆ ಕರ್ಚೀಪು ಹಿಡಿದಳು. ಅಂಗಳದಲ್ಲಿ ಒಣಮೀನು ಹರಡಿತ್ತು. ಕಮಲ ಅಂಬೆಗಾಲಿಟ್ಟದ್ದು ಅದೇ ಅಂಗಳದಲ್ಲಿ, ಅಂಥದೇ ಮೀನಿನ ಮಧ್ಯೆ.

"ಅಕ್ಕ, ಇದನ್ನೆಲ್ಲ ತೆಗೂಕ್. ಬಿಲ್ಕುಲ್ ವಾಸನಿ ಬಪ್ಪುಕಾಗ."

"ಯಾರ್ ಬತ್ರ್, ಮಂತ್ರಿಯಾ?"

ಬರುವವರು ಮಂತ್ರಿಗಿಂತ ದೊಡ್ಡವರಾಗಿದ್ದರು. ಕುಂಭಾಶಿಯ ವೆಂಕಟ ಐತಾಳರು, ಮುಂಬಯಿಯಲ್ಲಿ ಹೋಟೆಲು ಇಟ್ಟ ಬ್ರಾಹ್ಮಣರು. ಕಮಲ ಕೊಳ್ಳಬೇಕೆಂದಿದ್ದ ಭಾಂಡುಪಿನ ಫ್ಲಾಟು ಅವರದ್ದೇ. ವಯಸ್ಸಾಯಿತೆಂದು ಅದನ್ನು ಮಾರಿ ಊರಿಗೆ ಬರುವವರಿದ್ದರು. ಕೊಡುವುದಾದರೆ ನಮ್ಮ ಕಡೆಯವರಿಗೇ ಕೊಡುವೆನೆಂದಿದ್ದರು. ತೊಡಕಿದ್ದದ್ದು ಕಟ್ಟಡದ ಸೊಸೈಟಿಯಲ್ಲಿ.

"ಕೆಳ್ಗೆ ಗುಜರಾತಿ, ಎದ್ರಿಗೆ ಮದ್ರಾಸಿನೋರ್, ಮೇಲೆ ಸಿಂಧಿ, ಅವ್ರ್ ಪಕ್ಕ ಮಲಯಾಳಿ ನರ್ಸ್, ತುದಿಯಂಗೆ ಬಂಗಾಳಿ ಗಂಡ ಹೆಂಡ್ತಿ," ಕಮಲ ತನ್ನ ಸ್ವಂತ ನೆಂಟರನ್ನು ಹೆಸರಿಸುವಂತೆ ಹೇಳಿದಳು. "ಎಲ್ಲಾ ಭಾಷಿಯೋರ್ ಇದ್ರ್ ಅಕ್ಕ. ಗಣಪತಿ ಕೂರ್ಸ್ತ್ರ್, ನಾತಾಳ ಅಂದೇಳಿ ಕ್ರಿಸ್ಮಸ್ಸೂ ಮಾಡ್ತ್ರ್. ಮೀನ್ ಒಂದ್ ಮಾತ್ರ ಇಲ್ಲೆ. ಸೆಕ್ರೆಟರಿ ಮೆಟ್ಲ್ ಹತ್ತುವಾಗ ಬಾಗ್ಲ್ ಬಾಗ್ಲಿಗೂ ಮೂಸ್ತಾ ಹೋತ್ರ್."

"ಬಂಗಾಳಿಯೋರಿಗೆ ಮೀನ್ ಇಲ್ದೆ ಜೀವ ಹೋತಿಲ್ಯಾ?"

"ಅವ್ರ್ ಆದಿತ್ಯವಾರ ಲೋಕಲ್ ರೈಲ್ ಹಿಡ್ದ್ ನೆಂಟ್ರ ಮನಿಗ್ ಹೋತ್ರ್."

ಬರೆದಿಟ್ಟ ನಿಯಮವಲ್ಲ ಅದು. ಹಳಬರು ಫ್ಲಾಟು ಬಿಡುವಾಗ ಹೊಸಬರ ಪರವಾಗಿ ಸೆಕ್ರೆಟರಿಗೆ ಮಾತು ಕೊಡಬೇಕು, ಅಷ್ಟೇ. ಮೀನು ಬಿಟ್ಟಿದ್ದೇವೆಂದು ಶೇಖರ ಹೇಳಿಯಾಗಿತ್ತು. ಐತಾಳರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಆನೆಗುಡ್ಡೆಯ ಗಣಪತಿಗೆ ಗಣಹೋಮ ಮಾಡಿಸಲು ಊರಿಗೆ ಬರುತ್ತೇನೆ, ನಿಮ್ಮ ಮನೆಯಲ್ಲಿ ಒಂದು ಊಟ ಹಾಕಿ, ಆಮೇಲೆ ನೋಡುವ ಎಂದಿದ್ದರು. ನಮ್ಮಂಥವರ ಮನೆಯಲ್ಲಿ ಉಣ್ಣುತ್ತೀರಾ ಎಂದು ಶೇಖರ ಹಿಂಜರಿದರೆ, ಮುಂಬಯಿ ನೀರು ಕುಡಿದವನಿಗೆ ಅದೆಲ್ಲ ಇಲ್ಲ ಮಾರಾಯ ಎಂದರಂತೆ.

"ಅವ್ರ್ ಉಂಡ್ ಹೋಪಲ್ಲಿವರಿಗೆ ಮೀನ್ ಒಳ್ಗ್ ಬಪ್ಪುಕಾಗ," ಎಂದಳು ಕಮಲ.

"ಕೋಡಿಯಂಗೆ ಮೀನಿಲ್ದಿದ್ ಮನಿ ಕಂಡ್ರೆ ಅವ್ರಿಗೇ ಹೆದ್ರಿಕಿ ಆತ್ತ್."

ಜಗಲಿಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಮುತ್ತ ನಕ್ಕ. ಕಮಲ ನಗಲಿಲ್ಲ. ಅವಳ ಕಣ್ಣಿನಲ್ಲಿ ನೀರಿತ್ತು. "ಕ್ಯೂ ನಿಂತ್ ನಿಂತ್ ಸಾಕಾಯ್ತ್ ಅಕ್ಕ," ಎಂದಳು.

ಈ ಮಾತು ಜಲಜಳನ್ನು ಕರಗಿಸಬೇಕಿತ್ತು. ಹಾಗಾಗಲಿಲ್ಲ. ಕ್ಯೂ ಎಂಬ ಶಬ್ದ ತನ್ನದು. ಅದರಿಂದ ಒಂದು ಕಾಲದಲ್ಲಿ ಇಡೀ ಊರನ್ನು ನಗಿಸಿದ್ದವಳು ತಾನು. ಅದನ್ನೂ ಇವಳು ಎತ್ತಿಕೊಂಡು ಅಳಲು ಬಳಸುತ್ತಿದ್ದಾಳೆ ಎನ್ನಿಸಿತು.

ಮರುದಿನ ಅಂಗಳಕ್ಕೆ ಸಗಣಿ ಬಿತ್ತು. ಒಣಮೀನು ನಾಗುವಿನ ಮನೆಗೆ ಹೋಯಿತು. ಭೋಜರಾಜ ತಂದ ಒಳ್ಳೊಳ್ಳೆಯ ಚಟ್ಲಿಯೂ, ಸಿಗಡಿಯೆಂದರೆ ಪ್ರಾಣ ಬಿಡುವ ಅಪ್ಪಯ್ಯ ಮುತ್ತ ನೋಡುತ್ತಿದ್ದಂತೆ, ಅದೇ ದಾರಿ ಹಿಡಿಯಿತು. ಕಮಲ ಮುಂಬಯಿಯಿಂದ ಹೊಸ ಸ್ಟೀಲಿನ ಪಾತ್ರೆ ತಂದಿದ್ದಳು, ಚೀಟಿ ಇನ್ನೂ ಕಿತ್ತಿರಲಿಲ್ಲ. ಅಡುಗೆ ಇದರಲ್ಲೇ ಆಗಬೇಕೆಂದು ಹೇಳಿ, ಬಾಳೆಲೆ ತರಲು ಪೇಟೆಗೆ ಹೋದಳು. ಶೇಖರ ಐತಾಳರನ್ನು ಕರೆತರಲು ಕುಂಭಾಶಿಗೆ ಹೋದ.

ಅಡುಗೆಮನೆಯಲ್ಲಿ ಜಲಜ ಒಬ್ಬಳೇ ಉಳಿದಳು. ಸೌತೆಕಾಯಿ ಹೆಚ್ಚಿ, ಕಾಯಿ ಮಸಾಲೆ ಅರೆದಾಗಿತ್ತು. ಒಂದು ಕಡೆ ಸ್ಟೀಲು ಮುಖ ತೋರಿಸಿಕೊಂಡು ಹೊಳೆಯುತ್ತಿತ್ತು. ಇನ್ನೊಂದು ಕಡೆ ಅಬ್ಬಿಯ ಮಣ್ಣಿನ ಅಳಗೆ ಕವುಚಿ ಕೂತಿತ್ತು.

ಆ ಅಳಗೆಯಲ್ಲಿ ಮೀನಿನ ಗಸಿಯಲ್ಲದೆ ಇನ್ನೇನೂ ಕುದಿದದ್ದೇ ಇಲ್ಲ. ಸೋಪು ಮುಟ್ಟಿಸುವಂತಿಲ್ಲ, ಬಿಸಿನೀರು, ಬೂದಿ, ತೆಂಗಿನ ನಾರು, ಅಷ್ಟೇ. ಬಂಗುಡೆ, ಕಾಣೆ, ಚಟ್ಲಿ ಎಲ್ಲ ತಲೆಮಾರುಗಟ್ಟಲೆ ಅದರ ಮೈಯೊಳಗೆ ಇಳಿದುಹೋಗಿದ್ದವು. ಬೋಟುಗಳು ದಡದಲ್ಲಿ ಕೂತಿರುವ ಮಳೆಗಾಲದಲ್ಲಿ ಬರೀ ನೀರಿಗೆ ಉಪ್ಪು ಮೆಣಸು ಹಾಕಿ ಇದರಲ್ಲಿ ಕಾಯಿಸಿದರೂ ಸಾಕು, ಒಂದು ಊಟ ದಾಟುತ್ತದೆ ಎಂದು ಭೋಜರಾಜ ಹೇಳುವುದಿತ್ತು.

ಜಲಜಳಿಗೆ ತನಗೇನು ಬೇಕೆಂಬುದು ಸ್ಪಷ್ಟವಾಗಿತ್ತು. ಐತಾಳರು ಬಾಯಿಗೆ ಒಂದು ತುತ್ತು ಇಡಬೇಕು. ಮುಖ ಹುಳ್ಳಗಾಗಬೇಕು. ಎಲೆ ಬಿಟ್ಟು ಏಳಬೇಕು. ಆಮೇಲೆ ಕಮಲ ಕರ್ಚೀಪು ಮಡಚಿಕೊಂಡು ತನ್ನ ಚಾಳಿಗೆ ಹೋಗಲಿ. ಯಾರಾದರೂ ಕೇಳಿದರೆ ಉತ್ತರವೂ ಸಿದ್ಧವಿತ್ತು: ನಾನ್ ಮೀನ್ ಹಾಕಿಲ್ಲೆ. ಅದು ಸತ್ಯವೇ ಆಗಿತ್ತು. ಅಳಗೆಯನ್ನು ಒಲೆಗಿಟ್ಟು, ಸೌತೆಕಾಯಿ ಸುರಿದಳು. ಹುಳಿ ಕುದಿಯುತ್ತಿದ್ದಂತೆ ಜಗಲಿಯಲ್ಲಿ ಮುತ್ತನ ಕೈ ಬಲೆಯ ಮೇಲೆ ನಿಂತಿತು. ಮುದುಕ ಒಳಗೆ ತಿರುಗಿ ನೋಡಿದ. ಮತ್ತೆ ಗಂಟು ಹಾಕತೊಡಗಿದ. ಕುದಿ ಇಳಿದ ಮೇಲೆ ಜಲಜ ಹುಳಿಯನ್ನು ಸ್ಟೀಲಿನ ಪಾತ್ರೆಗೆ ಬಗ್ಗಿಸಿಟ್ಟಳು.

ಐತಾಳರು ಬಂದರು. ತೆಳ್ಳಗಿನ ಮನುಷ್ಯ, ಬಿಳಿ ಅಂಗಿ, ಕಿವಿಯಲ್ಲಿ ಆನೆಗುಡ್ಡೆಯ ಗರಿಕೆ. ಜಗಲಿಯಲ್ಲಿ ಮುತ್ತನ ಪಕ್ಕವೇ ಕೂತು ಬಲೆಯ ಬಗ್ಗೆ ಮಾತಾಡಿದರು. ಎಲೆ ಹಾಕಿದರು. ಬಡಿಸಲು ನಿಂತವಳು ಕಮಲ.

ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಕಮಲಳಿಗೆ ಗೊತ್ತಾಯಿತು. ಗೊತ್ತಾಗದಿರಲು ಅವಳು ಬೇರೆ ಮನೆಯಲ್ಲಿ ಹುಟ್ಟಬೇಕಿತ್ತು. ಸೌಟು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಅವಳು ಅಡುಗೆಮನೆಯ ಬಾಗಿಲ ಕಡೆ ನೋಡಿದಳು; ಅಲ್ಲಿ ಅಕ್ಕ ನಿಂತಿದ್ದಳು.

"ಹ್ವಾಯ್, ಬಡ್ಸಿ," ಎಂದರು ಐತಾಳರು. ಕಮಲ ಬಡಿಸಿದಳು.

ಅವರು ಅನ್ನಕ್ಕೆ ಹುಳಿ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಎಲೆಯನ್ನು ನೋಡಿದರು, ಸೌತೆಕಾಯಿಯ ಹೋಳೊಂದನ್ನು ಬೆರಳಲ್ಲಿ ಮಗುಚಿ ನೋಡಿದರು. ಶೇಖರ ನೀರು ಕುಡಿಯುವವನಂತೆ ಖಾಲಿ ಲೋಟ ಎತ್ತಿದ. ಜಲಜ ಬಯಸಿದ್ದ ಘಳಿಗೆ ಇದೇ. ಆದರೆ ಅವಳು ಐತಾಳರ ಮುಖ ನೋಡುವುದು ಬಿಟ್ಟು ತಂಗಿಯ ಮುಖ ನೋಡುತ್ತಿದ್ದಳು. ಅದು ಅಬ್ಬಿ ಸತ್ತ ದಿನದ ಮುಖವಾಗಿತ್ತು, ಬಾಯಿ ತುಸು ತೆರೆದಿತ್ತು. ಸಂತೋಷ ಇನ್ನೇನು ಬರುತ್ತದೆಂದು ಜಲಜ ಕಾದಳು. ಬರಲು ತಡಮಾಡಿತು.

"ಇನ್ನೊಂದ್ ಸೌಟ್ ಹಾಕಿ," ಎಂದರು ಐತಾಳರು.

ಆಮೇಲೆ ಮತ್ತೊಂದು. ಪಾಯಸಕ್ಕೆ ಬೇಡವೆಂದು ಕೈ ಅಡ್ಡ ಹಿಡಿದು, ಮತ್ತೆ ಹುಳಿಗೇ ಅನ್ನ ಕೇಳಿದರು. ಹಣೆಯಲ್ಲಿ ಬೆವರಿಳಿಯಿತು. ಒರೆಸಿಕೊಳ್ಳಲೂ ಇಲ್ಲ.

ಊಟ ಮುಗಿಸಿ ಬಾವಿಕಟ್ಟೆಗೆ ಬಂದಾಗ ಕೈಗೆ ನೀರು ಹಾಕಲು ಜಲಜ ಬಂದಳು.

"ಅಳಗೆ ಹಳ್ತಾ?" ಕೇಳಿದರು ಐತಾಳರು, ತಗ್ಗಿದ ದನಿಯಲ್ಲಿ.

ಅವಳು ಇನ್ನಷ್ಟು ನೀರು ಬಗ್ಗಿಸಿದಳು. "ಅಬ್ಬಿ ಕಾಲದ್ದ್."

"ಹಾಂಗೇ ಇಟ್ಕಣಿ. ಮುಂಬೈಗೆ ಹೋದ್ ಹೊಸ್ತ್ರಗೆ ನಾ ಗಂಗೊಳ್ಳಿ ಮೀನ್ಗಾರ್ ಮಕ್ಕಳ್ ರೂಮಂಗಿದ್ದೆ. ಅವ್ರ್ ಮೀನ್ ಬದಿಗ್ ತೆಗ್ದಿಟ್ಟ್ ನಂಗೆ ಬರೀ ಗಸಿ ಬಡ್ಸ್ತಿದ್ರ್. ಮೀನ್ ಮುಟ್ಲಿಲ್ಲೆ ಅಂದೇಳಿ ನಾ ಈಗ್ಳೂ ಆಣಿ ಹಾಕುಲಕ್ಕ್." ಬಾಯಿ ಮುಕ್ಕಳಿಸಿ ಉಗುಳಿದರು. "ಮದ್ವಿ ಆದ್ಮೇಲೆ ಅದೂ ಹೋಯ್ತ್. ನಿಮ್ ತಂಗಿ ಮೀನ್ ಬಿಟ್ಟ್ರಾ ಇಲ್ಯಾ ನಂಗೆ ಬ್ಯಾಡ. ಸೆಕ್ರೆಟರಿ ಮೂಗಿಗೆ ಸಿಕ್ದೆ ಬದ್ಕುಕ್ ಗೊತ್ತಿತ್ತಾ ಅಂದ್ ಕಾಣ್ಕಿತ್ತ್. ಹುಳಿಗೆ ಮೀನ್ ಹಾಕಿಲ್ಲ ಅಲ್ದಾ?"

"ನಾನ್ ಮೀನ್ ಹಾಕಿಲ್ಲೆ," ಎಂದಳು ಜಲಜ. ತಂಗಿಯ ಫ್ಲಾಟು ಮುರಿಯಲು ಇಟ್ಟುಕೊಂಡಿದ್ದ ಮಾತು, ಅದನ್ನು ಕೊಡಿಸಲು ಖರ್ಚಾಯಿತು.

"ಹಾಂಗಾರೆ ಮಾತ್ ಕೊಡ್ಲಕ್ಕ್," ಎಂದು ಅವರು ಕರ್ಚೀಪಿನಿಂದ ಕೈ ಒರೆಸಿಕೊಂಡರು.

ಹೊರಡುವ ದಿನ ಕಮಲ ಅಡುಗೆಮನೆಯ ಹೊಸಿಲಲ್ಲಿ ಬಂದು ನಿಂತಳು.

"ನೀ ಎಂತಕ್ ಹಾಂಗ್ ಮಾಡ್ದೆ ಅಂದ್ ನಾ ಕೇಣ್ತಿಲ್ಲೆ."

"ಕೇಣ್ಬೇಡ."

"ಆ ಅಳಗೆ ನಂಗೆ ಕೊಡ್. ಅಲ್ಲಿ ಮೀನಂತೂ ಮಾಡುಕಾಗ. ಅದಾರೂ ಇರ್ಲಿ."

ಎರಡು ಕಕ್ಕಸು ಸಾಲಲಿಲ್ಲ, ಈಗ ಅಳಗೆಯೂ ಬೇಕು. ಜಲಜ ಒಳಗೆ ಹೋಗಿ, ಹಳೆಯ ಸೀರೆಯಲ್ಲಿ ಭದ್ರವಾಗಿ ಸುತ್ತಿದ ಅಳಗೆಯನ್ನು ತಂದು ಕೊಟ್ಟಳು. ತಂಗಿ ಅದನ್ನು ಎದೆಗೆ ಅವಚಿಕೊಂಡು ಅತ್ತಳು. ಜಲಜಳಿಗೂ ಸ್ವಲ್ಪ ಅಳು ಬಂತು. ತಂಗಿ ಅಳಗೆ ಕೇಳುತ್ತಾಳೆಂದು ಅವಳಿಗೆ ಮೊದಲೇ ಅನ್ನಿಸಿತ್ತು. ಕುಂದಾಪುರದ ಸಂತೆಯಲ್ಲಿ ಕೊಂಡು, ಒಲೆಯ ಹೊಗೆಯಲ್ಲಿ ಹದವಾಗಿ ಕಪ್ಪು ಮಾಡಿದ ಹೊಸ ಅಳಗೆ ಅದು.

ದೀಪಾವಳಿ ಕಳೆದ ಮೇಲೆ ಕಮಲಳ ಫೋನು ಬಂತು. ಮನೆ ಒಕ್ಕಲು ಚೆನ್ನಾಗಿ ಆಯಿತು. ಗುಜರಾತಿಯವರು ಉಡುಗೊರೆಗೆ ಗಡಿಯಾರ ಕೊಟ್ಟರು. ಬಂಗಾಳಿ ಹೆಂಗಸು ಅಡುಗೆಮನೆಗೇ ಬಂದು ಅಳಗೆ ನೋಡಿ ಹೋದಳು.

"ಆದ್ರೆ ಅಕ್ಕ, ಹುಳಿ ಆ ರುಚಿ ಬತ್ತಿಲ್ಲೆ. ಎಂತ ಮಾಡ್ರೂ ಬರೀ ಸೌತಿಕಾಯಿ ಸೌತಿಕಾಯಿಯೇ ಆತ್ತ್."

"ನೀರಿಂದ್ ಆಯ್ಕ್," ಎಂದಳು ಜಲಜ. "ನಿಮ್ಮಲ್ ಬಾಮಿ ಇಲ್ಯಲ."

ಫೋನಿಟ್ಟು ಬಂದು ಒಲೆಯ ಮೇಲಿನ ಅಳಗೆಯಲ್ಲಿ ಬಂಗುಡೆ ಗಸಿಗೆ ಉಪ್ಪು ನೋಡಿದಳು. ಸರಿಯಾಗಿತ್ತು. ಬೇಲಿಯಾಚೆಯಿಂದ ನಾಗು ಇಣುಕಿದಳು.

"ಮುಂಬೈ ಫೋನಾ? ಎಂತಂಬ್ರ್ ತಂಗಿ?"

"ಲಾಯ್ಕಿತ್ತಂಬ್ರ್. ಎರ್ಡ್ ಕಕ್ಕಸಂಗೆ ಒಂದ್ರಂಗೆ ನೀರೇ ಬತ್ತಿಲ್ಯಂಬ್ರ್."

ಕಮಲ ನೀರಿನ ಮಾತೇ ಎತ್ತಿರಲಿಲ್ಲ.