ಕೌದಿಯ ಹನ್ನೊಂದು ಸೆಕೆಂಡು

ಟಿವಿಯವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಮನೆಯಲ್ಲಿ ಬಡತನ ಕಾಣಬೇಕು."

ನಾನು ಇಂಡಿ ಪಟ್ಟಣದಲ್ಲಿ ಮದುವೆ ವಿಡಿಯೊ ತೆಗೆಯುವವನು. ಮೊಹರಂನಲ್ಲಿ ಅಪ್ಪನ ಜೊತೆ ರಿವಾಯತ್ ಪದ ಹಾಡುತ್ತ ಬೆಳೆದ ತಾಂಬಾ ಊರಿನ ನಸ್ರೀನ, ಟಿವಿಯ ಹಾಡಿನ ಸ್ಪರ್ಧೆಗೆ ಆಯ್ಕೆಯಾಗಿ ಆಗಲೇ ಅಲ್ಲಿಗೆ ಹೋಗಿದ್ದಳು. ಅವಳ ಮನೆಯನ್ನು ಚಿತ್ರೀಕರಿಸಿ ಕಳಿಸುವ ಕೆಲಸ ನನಗೆ ಬಂದಿತ್ತು.

ಹೋಗಿ ನೋಡಿದರೆ, ನಾಡೆಲ್ಲ ನೋಡುವ ಮನೆಯೆಂದು ಅವಳ ತಾಯಿ ಹಜರಾಬಿ ಗೋಡೆಗೆ ಸುಣ್ಣ ಬಳಿಸಿ, ಪಕ್ಕದ ಮನೆಯ ಕುರ್ಚಿ ತಂದಿಟ್ಟಿದ್ದರು. ಮಂಚದ ಮೇಲೆ ಕೌದಿ ಹಾಸಿತ್ತು. ಮನೆಮಂದಿಯ ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಮಗಳ ಮದುವೆಗೆಂದು ಎರಡು ವರ್ಷ ಕೂತು ಹೊಲಿದದ್ದು.

"ಅದರ ಮ್ಯಾಲೇ ಕುಂಡ್ರೋ ತಮ್ಮಾ."

"ಬ್ಯಾಡ್ರಿ ಚಾಚಿ, ಪ್ಯಾಂಟ್ ಧೂಳಾಗೇತಿ."

"ಕುಂಡ್ರಪಾ ಕಲ್ಮೇಶ," ಎಂದರು ಅವರ ಗಂಡ ಇಸಾಕ. "ನನಗಂತೂ ಮುಟ್ಟಾಕ ಕೊಡಂಗಿಲ್ಲ ಈಕಿ." ನಾನು ಕುರ್ಚಿಯ ಮೇಲೆ ಕೂತೆ.

ವಿಡಿಯೊ ಕಾಲ್‌ನಲ್ಲಿ ಟಿವಿಯವರಿಗೆ ಮನೆ ತೋರಿಸಿದೆ. ಸುಣ್ಣದ ಗೋಡೆ ನೋಡಿ ಅವರ ಮುಖ ಸಪ್ಪಗಾಯಿತು. ಕೌದಿ ಕಂಡದ್ದೇ ತಡ, "ಆ ಚಿಂದಿ ಸೂಪರ್! ಅದನ್ನೇ ಹೊದ್ದು ಬೆಳೆದಳು ಅಂತ ನಾವು ದನಿ ಕೊಡ್ತೀವಿ. ತಾಯಿ ಸ್ವಲ್ಪ ಅಳಲಿ," ಎಂದರು.

ಅದು ಚಿಂದಿಯಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ನನ್ನ ಮಾತಿಗೆ ಹುಡುಗಿಯ ಅವಕಾಶ ತಪ್ಪಿದರೆ? ಗಡಿಬಿಡಿಯಲ್ಲಿ ಫೋನ್ ಇಟ್ಟೆ.

"ಏನಂದ್ರು ಸಾಹೇಬ್ರು?" ಹಜರಾಬಿ ಕೇಳಿದರು.

"ಕೌದಿ ಭಾಳ ಚಂದ ಐತಿ ಅಂದ್ರು ಚಾಚಿ."

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತರು. "ಚಾಲೂ ಮಾಡು ನಿನ್ನ ಕ್ಯಾಮೆರಾ."

"ಇದು ನಮ್ಮವ್ವನ ಇಳಕಲ್ ಸೀರಿ. ಇದು ಇವರ ಮದವಿ ಅಂಗಿ, ಈಗ ಹೊಟ್ಟಿ ಹಿಡಿಯಂಗಿಲ್ಲ. ಇದು ನಸ್ರೀನಳ ಸಾಲಿ ಲಂಗ, ಮಸಿ ಕಲಿ ಇನ್ನೂ ಹೋಗಿಲ್ಲ ನೋಡು..." ಅಳಲಿಲ್ಲ. ಒಂದೊಂದೇ ತುಂಡು ಮುಟ್ಟುತ್ತ ಬಿಡುವಿಲ್ಲದೆ ಮಾತಾಡಿದರು.

ಅಂಗಡಿಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ಬರೀ ಕೌದಿಯ ಚಿತ್ರ ಕಳಿಸಿದರೆ ಅದರ ಮೇಲೆ ಯಾರ ದನಿಯನ್ನಾದರೂ ಕೂರಿಸಬಹುದು. ಬಾಯಿ ಆಡುತ್ತಿರುವವರ ಮೇಲೆ ಬೇರೆ ದನಿ ಕೂರುವುದಿಲ್ಲ. ಹಾಗಾಗಿ ಹಜರಾಬಿಯ ಮುಖವಿಲ್ಲದ, ಮಾತಿಲ್ಲದ ಕೌದಿಯ ತುಣುಕೊಂದನ್ನೂ ಉಳಿಸಲಿಲ್ಲ. ಉಳಿದದ್ದನ್ನು ಕಳಿಸಿದೆ. ಬರೀ ಕೌದಿಯ ಚಿತ್ರ ಎಲ್ಲಿ ಎಂದು ಟಿವಿಯವರು ಫೋನ್ ಮಾಡಿ ರೇಗಿದರು. "ತೆಗೆದಿದ್ದು ಇಷ್ಟೇ ಸರ್," ಎಂದೆ. ಅದು ಎರಡನೆಯ ಸುಳ್ಳು. ಮೂರು ದಿನ ಊಟ ರುಚಿಸಲಿಲ್ಲ. ಹುಡುಗಿಗೆ ನನ್ನಿಂದ ತೊಂದರೆಯಾಯಿತೇನೋ ಎಂಬ ಚಿಂತೆ.

ರವಿವಾರ ಸಂಜೆ ಅವರ ಮನೆಯಲ್ಲೇ ಕೂತು ಕಾರ್ಯಕ್ರಮ ನೋಡಿದೆವು. ಮನೆ ಬಂತು. "ಬಡತನದ ಕತ್ತಲೆಯಲ್ಲಿ ಬೆಳೆದ ಕೋಗಿಲೆ" ಎಂದಿತು ಗಡಸು ದನಿ.

"ಮೊನ್ನಿ ಸುಣ್ಣಾ ಹಚ್ಚಿದ ಗ್ವಾಡಿ, ಕರ್ರಗ ಯಾಕ ಕಾಣಾಕತ್ತೈತಿ?" ಇಸಾಕ ಗೊಣಗಿದರು.

ಆಮೇಲೆ ಕೌದಿ. "ಇದು ನಮ್ಮವ್ವನ ಇಳಕಲ್ ಸೀರಿ..." ಹಜರಾಬಿಯದೇ ದನಿ. ಹನ್ನೊಂದು ಸೆಕೆಂಡು, ಬೇರೆ ಯಾರದೂ ಇಲ್ಲ. ವೇದಿಕೆಯ ಮೇಲಿದ್ದ ನಸ್ರೀನ ನಕ್ಕು, "ಅದು ನನ್ನ ಮದವಿ ಕೌದಿರಿ," ಎಂದು ಎಲ್ಲರಿಗೂ ಹೇಳಿ ಹಾಡಲು ನಿಂತಳು.

ಹಾಡು ಮುಗಿದ ಮೇಲೆ ಹಜರಾಬಿ ಚಹಾ ತಂದುಕೊಟ್ಟು ಮೆಲ್ಲಗೆ ಅಂದರು: "ಅವತ್ತ ಚಿಂದಿ ಅಂದಿದ್ದು ಕೇಳ್ಸಿತ್ತೋ ತಮ್ಮಾ. ಅದಕ್ಕ ಅಷ್ಟ ಮಾತಾಡಿದೆ."

ನಾನು ಚಹಾದ ಕಪ್ಪು ಕೆಳಗಿಟ್ಟೆ.

"ಸುಳ್ಳ ಹೇಳಾಕ ಬರಂಗಿಲ್ಲ ನಿನಗ," ಎಂದು ಕೌದಿಯ ಮಡಿಕೆ ಬಿಚ್ಚಿ ಮಂಚಕ್ಕೆ ಹಾಸಿದರು. "ಇವತ್ತಾದ್ರೂ ಕುಂಡ್ರು."

ಕೂತೆ.