ಅಮಾವಾಸ್ಯೆಯ ಸೂಟಿ

ಹುಲಿಗುಡ್ಡ ಸ್ಟೇಷನ್ನಿಗೆ ಊರೇ ಇರಲಿಲ್ಲ. ಮಿಲಿಟರಿ ಕ್ಯಾಂಪಿಗೆಂದೇ ಕಟ್ಟಿದ್ದು. ರಾಯಚೂರಿನ ಬಿಸಿಲಿಗೆ ಬೆಂದು ಇಳಿಯುವ ಜವಾನರಿಗೆ ನೀರು ಕೊಡಲು, ಎಪ್ಪತ್ತೊಂದರ ಯುದ್ಧ ಮುಗಿದ ಮರುಬೇಸಿಗೆಯಲ್ಲಿ ದುರುಗಮ್ಮ ಸೇರಿದಳು. ಶಿವರಾತ್ರಿ ಅಮಾವಾಸ್ಯೆ ಕಳೆದ ಮರುದಿನ ಕೊಡ ಹೊತ್ತರೆ ಮಳೆ ಹಿಡಿಯುವ ತನಕ ಇಳಿಸುವ ಮಾತಿಲ್ಲ. ಬೇಸಿಗೆ ನೌಕರಿ ಅಂದರೆ ಅಷ್ಟೇ. ಮಳೆ ಬಂತೋ, ಮನೆಗೆ ನಡಿ. ಹನ್ನೆರಡು ಬೇಸಿಗೆ ಹೀಗೇ ಸವೆದವು, ಜೊತೆಗೆ ಅವಳ ಸೊಂಟವೂ.

ಈಗ, ಎಂಬತ್ತಮೂರರಲ್ಲಿ, ಕ್ಯಾಂಪ್ ಎತ್ತಿದ್ದರು. ಇವತ್ತು ಸ್ಟೇಷನ್ನಿಗೂ ಬೀಗ. ಕಾಯಂ ಆದವರಿಗೆ ರಾಯಚೂರಿನಲ್ಲಿ ಕೆಲಸ, ಉಳಿದವರು ಮನೆಗೆ. ದುರುಗಮ್ಮನಿಗೆ ದಾರಿ ಉಂಟೇನೋ ಅಂತ, ಈ ವರ್ಷವಷ್ಟೇ ಬಂದ ಸ್ಟೇಷನ್ ಮಾಸ್ತರ ರಾಮಲಿಂಗಪ್ಪ ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ಹರವಿಕೊಂಡಿದ್ದ. ಅವಳು ಬಾಗಿಲು ಹಿಡಿದು ನಿಂತಿದ್ದಳು.

“ದುರುಗವ್ವಾ, ಒಂದ ಸಮ ನೂರಾ ಇಪ್ಪತ್ತು ದಿನ ಬಂದಿದ್ರ ನಿನ್ನ ಕಾಯಂ ಮಾಡಾಕ ಬರತಿತ್ತು. ನಡುವ ಒಂದಿನ ತಪ್ಪಿದ್ರ ಎಣಿಕಿ ಮತ್ತ ಒಂದರಿಂದ.”

“ನಾ ಯಾವತ್ತ ತಪ್ಪಿಸೀನ್ರೀ? ಜ್ವರ ಬಂದಾಗೂ ಬಂದೀನಿ!”

“ಪ್ರತಿ ವರ್ಷಾ ಮಣ್ಣೆತ್ತಿನ ಅಮಾಸಿ ದಿನ ಗೈರು ಅದ. ನೂರಾ ಹದಿನೇಳು ಹಾಜರಿ, ಆಮ್ಯಾಲ ಗೈರು.”

“ಅಯ್ಯ, ಅದು ಹಿಂದಿನ ಮರಿಸ್ವಾಮಿ ಮಾಸ್ತರು ತಾವಾಗೇ ಕೊಟ್ಟ ಸೂಟಿರೀ! ‘ಹಬ್ಬ ಅದ, ಮಕ್ಕಳು ದಾರಿ ನೋಡ್ತಾವು, ನಾಳಿ ಬರಬ್ಯಾಡ’ ಅಂತಿದ್ರು. ದೇವರಂಥ ಮನಿಷಾ.”

ರಾಮಲಿಂಗಪ್ಪ ಒಂದೊಂದೇ ಪುಸ್ತಕ ತೆರೆದು, ಪ್ರತಿ ವರ್ಷದ ಅದೇ ಗೈರಿನ ಮೇಲೆ ಬೆರಳಿಟ್ಟು ತೋರಿಸಿದ. ಆ ಸೂಟಿ ಹಬ್ಬಕ್ಕಲ್ಲ, ಎಣಿಕೆ ಮುರಿಯಲಿಕ್ಕೆ ಅಂತ ಅವಳಿಗೆ ಆಗ ತಿಳಿಯಿತು. ಇವತ್ತೂ ಅದೇ ಅಮಾವಾಸ್ಯೆ. ಹೊಸ ಮಾಸ್ತರ ಸೂಟಿ ಕೊಟ್ಟಿರಲಿಲ್ಲ, ಅದಕ್ಕೆ ಬೆಳಿಗ್ಗೆ ಬೈಯುತ್ತಲೇ ಬಂದಿದ್ದಳು. ನೂರಾ ಹದಿನೆಂಟನೆಯ ದಿನ. ಇನ್ನೆರಡು ದಿನ ಸ್ಟೇಷನ್ ಉಳಿದಿದ್ದರೆ ಸಾಕಿತ್ತು.

ಹೊಸ್ತಿಲ ಮೇಲೆ ಕೂತಳು. ಹಬ್ಬದ ಮರುದಿನ ಪ್ರತಿ ಸಲ ಮರಿಸ್ವಾಮಿ ಮಾಸ್ತರಿಗೆಂದು ಎರಡು ಹೋಳಿಗೆ ಕಟ್ಟಿಕೊಂಡು ಬರುತ್ತಿದ್ದಳು. ಅವಳ ಕೇರಿಯ ಅಡಿಗೆಯನ್ನು ಮುಟ್ಟಿದ ಮೊದಲ ದೊಡ್ಡ ಮನುಷ್ಯ ಆತ. ಅಲ್ಲೇ ಕುರ್ಚಿಯಲ್ಲಿ ಕೂತು, ಬೆರಳು ಚೀಪಿ ತಿನ್ನುತ್ತಿದ್ದ. ಅದನ್ನು ಕೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

ದೂರದಲ್ಲಿ ಕಡೆಯ ಗಾಡಿ ಕೂಗಿತು. ಕೈ ತಾನಾಗಿ ಕೊಡದ ಕಡೆ ಹೋಯಿತು; ಸೊಂಟ ಹಿಡಿದುಕೊಂಡು ಎದ್ದಳು.

“ಅವರಿಗೂ ಮ್ಯಾಲಿನ ಹುಕುಂ ಇದ್ದಿರಬೇಕವ್ವಾ,” ಅಂದ ರಾಮಲಿಂಗಪ್ಪ.

“ಇರಲಿ ಬಿಡ್ರಿ. ಹೊಟ್ಟಿಪಾಡು, ಹುಕುಂ ಬಂದಂಗ ನಡಕೊಂಡ,” ಅಂದಳು ದುರುಗಮ್ಮ. ಕೊಡ ಟೊಂಕಕ್ಕೇರಿಸಿ ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. “ಆದ್ರ ಯಪ್ಪಾ, ನನ್ನ ಹೋಳಿಗಿ ಯಾಕ ತಿಂದ?”