ಕೊಬ್ಬರಿ ಎಣ್ಣೆ ಸವರಿದ ಸ್ಕೀ ಪಟ್ಟಿಗಳು

ಮಾರ್ಚ್ ತಿಂಗಳು. ಸ್ವೀಡನ್ನಿನ ಸೊಲ್ಲೆಂಟುನಾದ ಸೂರುಗಳಿಂದ ಹಿಮ ಕರಗಿ ತೊಟ್ಟಿಕ್ಕತೊಡಗಿತ್ತು. ನಾಳೆ ಯುಗಾದಿ. ಪದ್ಮಿನಿ ಬೆಳಗಿನಿಂದಲೂ ದುಪಟ್ಟಾ ಸೊಂಟಕ್ಕೆ ಬಿಗಿದು ಮನೆ ತೊಳೆಯುತ್ತಿದ್ದಳು. ಕಿಟಕಿಯಾಯಿತು, ದೇವರ ಗೂಡಾಯಿತು, ಅಡುಗೆಮನೆಯ ಡಬ್ಬಿಗಳೂ ಆದವು. ಉಳಿದದ್ದು ಊಟದ ಮೇಜು. ಅದರ ಮೇಲೆ ಮಗಳು ಚಾರ್ವಿ ಬೆಟ್ಟದ ನಕಾಶೆ ಹರಡಿದ್ದರಿಂದ ಅದಕ್ಕೆ ಕೈ ಹಾಕುವಂತಿರಲಿಲ್ಲ.

ಉಪ್ಸಾಲಾದಲ್ಲಿ ಓದುವ ಚಾರ್ವಿ ನಾಳೆ ಹಬ್ಬದೂಟ ಮುಗಿಸಿಕೊಂಡು ಗೆಳತಿ ಸಿಂಧೂರಳ ಜೊತೆ ಓರೆ ಎಂಬ ಬೆಟ್ಟದೂರಿಗೆ ರೈಲು ಹತ್ತುವವಳಿದ್ದಳು. ಅಲ್ಲಿ ಲಿಫ್ಟಿನಲ್ಲಿ ಮೇಲೇರಿ ಹಿಮದ ಮೇಲೆ ಜಾರಿಕೊಂಡು ಬರಲು ಈ ದಿನಗಳಲ್ಲಿ ಜನ ಮುಗಿಬೀಳುತ್ತಾರೆ. ಇವರ ಯೋಚನೆ ಬೇರೆ. ಆ ಗದ್ದಲದ ಹಿಂಬದಿಗೇ ಇರುವ, ಲಿಫ್ಟಿಲ್ಲದ ಗುಡ್ಡಗಳನ್ನು ಸ್ಕೀ ಕಟ್ಟಿಕೊಂಡೇ ಹತ್ತಬೇಕು, ಇಳಿಯಬೇಕು.

ಕೂತರೆ ಮೇಲಕ್ಕೆ ಒಯ್ಯುವ ಕುರ್ಚಿ ಇರುವಾಗ ನಡೆದು ಹತ್ತುವುದು ಯಾವ ಹರಕೆಗೆ ಎಂದು ಪದ್ಮಿನಿ ಮೊದಲು ಕೇಳಿದ್ದಳು. ಗಂಡ ಅನಂತಕೃಷ್ಣ ಇಬ್ಬರ ಮಾತಿಗೂ ತಲೆಯಾಡಿಸಿ, ಲ್ಯಾಪ್‌ಟಾಪ್ ಎತ್ತಿಕೊಂಡು ಮಹಡಿ ಸೇರಿದ್ದ. ಆಮೇಲೆ ಚಾರ್ವಿ ಅಮ್ಮನನ್ನು ಕೂರಿಸಿಕೊಂಡು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದಳು. ಕೆಂಪು ಬಳಿದದ್ದು ಹಿಮ ಕುಸಿಯುವ ಕಡಿದಾದ ಇಳಿಜಾರು. ಅದರ ಮೇಲಿರಲಿ, ಬುಡಕ್ಕೂ ಹೋಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಿಮಕುಸಿತದ ಮುನ್ಸೂಚನೆ ನೋಡುವುದು; ಗಾಳಿ ಎದ್ದಿತೋ, ಎಲ್ಲಿದ್ದರೂ ಹಿಂತಿರುಗುವುದು. ಇಷ್ಟೆಲ್ಲ ಕೇಳಿ ಪದ್ಮಿನಿ ಒಲ್ಲದ ಮನಸ್ಸಿನಿಂದ ಹೂಂ ಎಂದಳು. ಹೂಂ ಎಂದ ಮೇಲೆ ಅರ್ಧಕ್ಕೆ ನಿಲ್ಲುವ ಜೀವವಲ್ಲ ಅದು. ಚಟ್ನಿಪುಡಿ ಕಟ್ಟಿದಳು, ಉಣ್ಣೆಯ ಕಾಲುಚೀಲ ಹೊಲಿದು ಸರಿಮಾಡಿದಳು. ಆ ಹುರುಪಿನಲ್ಲೇ ಎಡವಟ್ಟಾದದ್ದು.

ಬಾಗಿಲ ಬಳಿಯ ಚೀಲದಲ್ಲಿ ಎರಡು ಉದ್ದನೆಯ ಪಟ್ಟಿಗಳಿದ್ದವು. ಪಕ್ಕದ ಮನೆಯ ನಿವೃತ್ತ ಟೀಚರ್ ಬಿರ್ಗಿಟ್ಟಾ ತನ್ನ ಸ್ಕೀಗಳ ಜೊತೆ ಚಾರ್ವಿಗೆ ಎರವಲು ಕೊಟ್ಟದ್ದು. ಒಂದು ಮೈ ಒರಟು ರೋಮ. ಇನ್ನೊಂದು ಮೈ ಮುಟ್ಟಿದರೆ ಬೆರಳು ಬಿಡದಂಥ ಅಂಟು. ಪದ್ಮಿನಿ ತೂಬಗೆರೆ ಕಡೆಯವಳು, ಹಲಸು ಬಿಡಿಸಿ ಬೆಳೆದ ಕೈ. ಮೇಣಕ್ಕೆ ಕೊಬ್ಬರಿ ಎಣ್ಣೆಗಿಂತ ಮದ್ದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾವ ಕಾಲದ ಜಿಡ್ಡೋ, ತೆಗೆದುಕೊಟ್ಟರೆ ಆ ಹೆಂಗಸಿಗೂ ಉಪಕಾರ ಎಂದುಕೊಂಡಳು. ಹೆಪ್ಪುಗಟ್ಟಿದ ಎಣ್ಣೆಯನ್ನು ಕರಗಿಸಿ ಸವರಿ, ಬಟ್ಟೆಯಿಂದ ತಿಕ್ಕಿ, ನುಣ್ಣಗೆ ಮಾಡಿ ಬಿಸಿಲಿಗೆ ಹಾಕಿದಳು.

ಚಾರ್ವಿ ಬಂದು ನೋಡಿದಳು, ಮುಟ್ಟಿದಳು, ಮೂಸಿದಳು. ಸ್ಕೀಯ ತಳಕ್ಕೆ ಪಟ್ಟಿಯನ್ನು ಹಿಡಿದಿಡುವುದೇ ಆ ಅಂಟು. ಹತ್ತುವಾಗ ಹಿಂದಕ್ಕೆ ಜಾರದಂತೆ ತಡೆಯುವುದು ರೋಮ. ಅಂಟು ಹೋದರೆ ಹತ್ತುವ ಮಾತೇ ಇಲ್ಲ, ಲಿಫ್ಟಿನ ಸಾಲೇ ಗತಿ.

"ಅಮ್ಮ, ನಾನು ಹೋಗ್ಬಾರ್ದು ಅಂತ ಬೇಕಂತ್ಲೇ ಮಾಡಿದ್ಯಾ?"

ಸಿಟ್ಟಿನಿಂದ ಕೇಳಿದ್ದರೆ ಪದ್ಮಿನಿ ತಿರುಗಿ ಬೈಯುತ್ತಿದ್ದಳೇನೋ. ಹುಡುಗಿ ನಿಜಕ್ಕೂ ತಿಳಿಯಲೆಂದೇ ಕೇಳಿದ್ದಳು. ಅದು ಚುಚ್ಚಿತು.

"ಬೇಡ ಅನ್ನೋದಿದ್ರೆ ಬಾಯಲ್ಲಿ ಅಂತೀನಿ ಕಣೇ," ಎಂದಳು. "ಕೈಯಲ್ಲಿ ಅನ್ನಲ್ಲ."

ಪಟ್ಟಿಗಳನ್ನೂ ಎಣ್ಣೆ ಬಾಟಲಿಯನ್ನೂ ಎತ್ತಿಕೊಂಡು ನೇರ ಬಿರ್ಗಿಟ್ಟಾಳ ಬಾಗಿಲಿಗೆ ನಡೆದಳು. ಚಾರ್ವಿ ಹಿಂದೆಯೇ ಹೋದಳು. ಬರುವಷ್ಟು ಸ್ವೀಡಿಶ್‌ನಲ್ಲಿ ಪದ್ಮಿನಿ ತಪ್ಪೊಪ್ಪಿಕೊಂಡಳು. ಹಲಸಿನ ಹಣ್ಣು ಎಷ್ಟು ದೊಡ್ಡದೆಂದು ತೋಳು ಚಾಚಿ ತೋರಿಸಿದಳು. ಬಿರ್ಗಿಟ್ಟಾ ಪಟ್ಟಿ ಮೂಸಿ ನೋಡಿ, ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆ ಅಂಟು ಹೇಗೂ ಹಳತಾಗಿತ್ತಂತೆ. ಹೊಸದನ್ನು ತಂದು ನೆಲಮಾಳಿಗೆಯಲ್ಲಿಟ್ಟು ವರ್ಷಗಳಾದವಂತೆ. ಹಳೆಯದನ್ನು ಕೀಳುವ ರೇಜಿಗೆಗೆ ಹೆದರಿ ಮುಂದೂಡುತ್ತ ಬಂದಿದ್ದಳು.

ಬಿರ್ಗಿಟ್ಟಾಳ ಗ್ಯಾರೇಜಿಗೆ ಪದ್ಮಿನಿ ಇಸ್ತ್ರಿಪೆಟ್ಟಿಗೆ ತಂದಳು. ರೇಷ್ಮೆ ಸೀರೆಯ ಎಣ್ಣೆ ಕಲೆ ತೆಗೆಯುವಂತೆ ಕಾಗದ ಹಾಸಿ ಮೆಲ್ಲಗೆ ಒತ್ತಿದಳು. ಎಣ್ಣೆಯೂ ಉಳಿದ ಅಂಟೂ ಕಾಗದಕ್ಕೆ ಬಂದವು. ಬಿರ್ಗಿಟ್ಟಾ ಕೆರೆದಳು, ಚಾರ್ವಿ ಹೊಸ ಅಂಟು ಹಚ್ಚಿದಳು. ಗ್ಯಾರೇಜೆಲ್ಲ ಕೊಬ್ಬರಿಯ ವಾಸನೆ.

ಮಾರನೆಯ ದಿನ ಒಣಗಿದ ಪಟ್ಟಿಗಳನ್ನು ಸ್ಕೀಗೆ ಅಂಟಿಸಿ ಚಾರ್ವಿ ಜಗ್ಗಿ ನೋಡಿದಳು. ಜಗ್ಗಲಿಲ್ಲ. ಆಗ ಅಮ್ಮನ ಭುಜಕ್ಕೆ ಗಲ್ಲ ಊರಿ ನಿಂತಳು. ಪದ್ಮಿನಿಗೆ ಅಷ್ಟು ಸಾಕಾಗಿತ್ತು.

ಪದ್ಮಿನಿ ಬಿಸಿ ಒಬ್ಬಟ್ಟು ಒಯ್ದು, ಲೆಕ್ಕ ತೀರಿತೇ ಎಂದು ಕೇಳಿದಳು. ಬಿರ್ಗಿಟ್ಟಾ ತುಪ್ಪದ ಬೆರಳು ಒರೆಸಿಕೊಂಡು, ಇದು ಹೊಸ ಅಂಟಿಗಾಯಿತು, ಪಟ್ಟಿಗಳದ್ದು ಬಾಕಿ ಇದೆ ಎಂದಳು. ಮುಂದಿನ ಚಳಿಗಾಲ ಪದ್ಮಿನಿ ಅವೇ ಪಟ್ಟಿ ಕಟ್ಟಿಕೊಂಡು ಬಿರ್ಗಿಟ್ಟಾಳ ಜೊತೆ ಒಂದು ಗುಡ್ಡ ಹತ್ತಬೇಕಂತೆ. ಸಣ್ಣ ಗುಡ್ಡವಾದರೂ ಸರಿ. ಪದ್ಮಿನಿ ನಕ್ಕು ಮಾತು ಹಾರಿಸಿದಳು.

ಸಂಜೆ ಹೊರಡುವಾಗ ಚಾರ್ವಿ ಚಪ್ಪಲಿ ಗೂಡಿನತ್ತ ಕೈ ತೋರಿಸಿದಳು.

"ನನ್ ಹಳೇ ಸ್ಕೀ ಬೂಟ್ಸ್ ಅಲ್ಲೇ ಇದೆ ಅಮ್ಮ. ನಿನ್ ಸೈಜೇ."

"ಹೋಗೇ, ಟ್ರೈನ್ ತಪ್ಪತ್ತೆ."

ಅನಂತಕೃಷ್ಣ ಅವಳನ್ನು ಸ್ಟೇಷನ್ನಿಗೆ ಬಿಡಲು ಹೋದ. ನಕಾಶೆಯಿಲ್ಲದ ಮೇಜನ್ನು ಪದ್ಮಿನಿ ಕೊನೆಗೂ ಒರೆಸಿದಳು. ಆಮೇಲೆ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಬೂಟಿಗೆ ಕಾಲು ತೂರಿಸಿದಳು. ಸರಿಯಾಗಿತ್ತು. ಬಾಕಿ ಇರಲಿ, ಚಳಿಗಾಲ ಇನ್ನೂ ದೂರವಿದೆ ಎಂದುಕೊಂಡು ಇನ್ನೊಂದು ಕಾಲಿಗೂ ಹಾಕಿಕೊಂಡಳು.